ಅಂಗಾತ ಮಲಗಿ ಕಳೆದ ಆಗಮನ ಕಾಲ

ಬೆನ್ನುಮೂಳೆಗೂ ಕ್ಷಯ ತಗುಲುತ್ತದೆ ಎಂಬುದು ನನಗೆ ತಗುಲಿದ ಮೇಲೆಯೇ ತಿಳಿಯಿತು. ಕೆಮ್ಮು ಇರಲಿಲ್ಲ, ಕಫ ಇರಲಿಲ್ಲ. ಇದ್ದದ್ದು ಬೆನ್ನಿನ ನಡುವೆ ಒಂದು ನೋವು, ಮತ್ತು ಆ ನೋವನ್ನು ಹೇಳಿಕೊಂಡಾಗಲೆಲ್ಲ ಎದುರಿಗಿದ್ದವರ ಮುಖದಲ್ಲಿ ಮೂಡುತ್ತಿದ್ದ ಒಂದು ಮುಗುಳ್ನಗೆ. ಹೊಸದುರ್ಗದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಉತ್ತರ ಗೊತ್ತಿಲ್ಲದವರು ನಗುವ ನಗೆಯನ್ನು ಬೆಂಚುಗಳ ನಡುವೆ ಸಾಕಷ್ಟು ಕಂಡಿದ್ದೇನೆ. ಅದನ್ನು ಗುರುತಿಸುವುದು ಕಷ್ಟವಾಗಲಿಲ್ಲ.

ಮೊದಲನೆಯ ವೈದ್ಯರು ನನ್ನ ಬೆನ್ನನ್ನು ಮುಟ್ಟಲೇ ಇಲ್ಲ. "ವಯಸ್ಸಾಯ್ತಲ್ಲಮ್ಮ," ಎಂದು ಮುಲಾಮು ಬರೆದುಕೊಟ್ಟರು. ಎರಡನೆಯವರು ವಾಯು ಎಂದರು, ಬೇಳೆ ಬಿಡಲು ಹೇಳಿದರು. ಬೇಳೆಯನ್ನು ಬಿಟ್ಟೆ; ನೋವು ನನ್ನನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿಗೆ ಹೋಗಿ ಬಂದೆ. ಒಳಗೆ ಬಂದ ಮೇಲೆ ತಮ್ಮ ಅಂತೋಣಿ, "ಅಕ್ಕ, ಒಂದು ಚಪ್ಪಲಿ ಎಲ್ಲಿ ಬಿಟ್ಟೆ?" ಎಂದು ಕೇಳಿದ. ಬಲಗಾಲು ಬರಿದಾಗಿತ್ತು. ಚಪ್ಪಲಿ ಬಾವಿಕಟ್ಟೆಯ ಬಳಿ ಕಳಚಿ ಬಿದ್ದದ್ದು ನನ್ನ ಕಾಲಿಗೆ ತಿಳಿದಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಅಂತೋಣಿ ನನ್ನನ್ನು ಕರೆದೊಯ್ದ ಚಿತ್ರದುರ್ಗದ ಸ್ಕ್ಯಾನಿಂಗ್ ಕೇಂದ್ರದ ಕಾಯುವ ಕೋಣೆಯಲ್ಲಿ ಇದ್ದದ್ದು ಕಬ್ಬಿಣದ ಕುರ್ಚಿಗಳು. ನನಗೆ ಕೂರಲಾಗುತ್ತಿರಲಿಲ್ಲ, ನಿಲ್ಲಲಾಗುತ್ತಿರಲಿಲ್ಲ. ಮಲಗಲು ಸ್ಥಳವಿದೆಯೇ ಎಂದು ಕೇಳಿದ್ದಕ್ಕೆ ಗಾಜಿನ ಹಿಂದಿದ್ದ ಹುಡುಗಿ ತಲೆ ಎತ್ತದೆ, "ಟೋಕನ್ ಪ್ರಕಾರ ಬರ್ರಿ," ಎಂದಳು. ನಾನು ಕೇಳಿದ್ದು ಟೋಕನ್ ವಿಷಯವಲ್ಲ. ಅವಳ ಮುಖ ಈಗಲೂ ನನ್ನ ನೆನಪಿನಲ್ಲಿದೆ. ಅಲ್ಲಿ ಮತ್ತೋಡಿನ ಕಡೆಯ ಒಬ್ಬ ಕುರಿಗಾಹಿ ತನ್ನ ಹೆಂಡತಿಯೊಂದಿಗೆ ಬಂದಿದ್ದ. ಅವನು ಹೆಗಲ ಮೇಲಿನ ಕಂಬಳಿ ತೆಗೆದು ಗೋಡೆಯ ಬದಿಗೆ ನೆಲದ ಮೇಲೆ ಹಾಸಿದ.

"ಮಲಿಕ್ಕಳ್ರಿ ಅಮ್ಮಾರೇ. ಕುರಿ ವಾಸ್ನೆ ಐತೆ, ಬೈಬ್ಯಾಡ್ರಿ."

"ಅಯ್ಯ, ಅವ್ರು ದೊಡ್ಡೋರು, ಇದ್ರ ಮ್ಯಾಲೆ ಮಲಗ್ತಾರಾ?" ಎಂದು ಅವನ ಹೆಂಡತಿ ಗದರಿದಳು.

"ನೋವಿಗೆ ದೊಡ್ಡೋರು ಸಣ್ಣೋರು ಐತೇನಲೇ?"

ನಾನು ಮಲಗಿದೆ. ಕುರಿಯ ವಾಸನೆ ಇದ್ದದ್ದು ನಿಜ. ಆ ದಿನ ನನಗೆ ದೊರೆತ ಒಂದೇ ಮರ್ಯಾದೆಯ ವಾಸನೆ ಅದು.

ಸ್ಕ್ಯಾನ್ ನೋಡಿದ ಮೂಳೆ ವೈದ್ಯರು ನಗಲಿಲ್ಲ. ರೋಗದ ಹೆಸರನ್ನು ಹೇಳಿ, ಕೆಟ್ಟಿರುವ ಮೂಳೆ ಕುಸಿಯದಂತೆ ತಿಂಗಳುಗಟ್ಟಲೆ ಅಂಗಾತ ಮಲಗಿರಬೇಕು ಎಂದರು; ಎದ್ದು ಕೂರುವಂತಿಲ್ಲ, ತಿರುಗಬೇಕಾದರೆ ಇಬ್ಬರು ಹಿಡಿದು ಮರದ ದಿಮ್ಮಿಯಂತೆ ಉರುಳಿಸಬೇಕು. ನಂತರ ಜೇಬಿನಿಂದ ತಮ್ಮ ಸ್ಕೂಟರಿನ ಕೀಲಿ ತೆಗೆದು ನನ್ನ ಅಂಗಾಲಿನ ಮೇಲೆ ಗೀರಿದರು.

"ಗೊತ್ತಾಗುತ್ತಾ?"

"ಇಲ್ಲ."

"ಮಾತ್ರೆ ರೋಗಾನ ವಾಸಿ ಮಾಡುತ್ತೆ. ಕಾಲು ವಾಪಸ್ ಬರುತ್ತಾ ಅಂತ ಈಗ್ಲೇ ಹೇಳಕ್ಕಾಗಲ್ಲ. ಕಾಯ್ಬೇಕು."

"ಎಷ್ಟು ಕಾಲ?"

"ಗೊತ್ತಿಲ್ಲ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ಮೊದಲನೆಯ ವೈದ್ಯರು ಅವರು. ಅವರ ಮೇಲೆ ನನಗೆ ದೂರಿಲ್ಲ.

ಹೀಗೆ ನಾನು ನನ್ನ ಕೊಠಡಿಯಲ್ಲಿ ಸೆರೆಯಾದೆ. ತಲೆಯ ಮೇಲೆ ಜಂತೆ, ಎಡಕ್ಕೆ ಗೋಡೆ, ಬಲಕ್ಕೆ ಪೂರ್ವದ ಕಿಟಕಿ. ಕಿಟಕಿಯಲ್ಲಿ ನಮ್ಮ ಹೊಸದುರ್ಗದ ಕೋಟೆಯ ಬಂಡೆಯ ಒಂದು ತುಂಡು ಕಾಣುತ್ತಿತ್ತು. ಮೊದಲು ಆ ಬಂಡೆಯನ್ನು ಕಂಡರೆ ಅಭಿಮಾನ. ಮಲಗಿದ ಮೇಲೆ, ಅದೂ ಎದ್ದು ಹೋಗಲಾರದೆ ಬಿದ್ದಿದೆ ಎನಿಸತೊಡಗಿತು. ಮಂಚದ ಅಂಚು ಸಹ ನನ್ನ ಕಣ್ಣಿಗೆ ನಿಲುಕದು. ಹೊಳಲ್ಕೆರೆಯಿಂದ ಚಿಕ್ಕಮ್ಮನ ಮಗಳು ಲೂಸಿ ನೋಡಲು ಬಂದಳು. ಈ ಕ್ಷಯ ಹರಡುವುದಿಲ್ಲವೆಂದು ಅಂತೋಣಿ ಫೋನಿನಲ್ಲಿಯೇ ಹೇಳಿದ್ದ. ಆದರೂ ಅವಳು ಚೀಲದಿಂದ ತನ್ನದೇ ಸ್ಟೀಲ್ ಲೋಟ ತೆಗೆದು ಕಾಫಿ ಹಾಕಿಸಿಕೊಂಡು, ಹೊಸ್ತಿಲ ಆಚೆಯೇ ಕುಳಿತು, "ದೇವ್ರಿದ್ದಾನೆ ಬಿಡೇ," ಎಂದಳು. ದೇವರಿದ್ದಾನೆಂದು ನಂಬಿದವಳಿಗೆ ಬೇರೆ ಲೋಟ ಏಕೆ ಬೇಕಿತ್ತು ಎಂದು ನಾನು ಕೇಳಲಿಲ್ಲ. ಕೇಳುವುದನ್ನು ಉಳಿಸಿಕೊಂಡಿದ್ದೇನೆ.

ಇನ್ನು ನನ್ನನ್ನು ನೋಡಿಕೊಂಡವಳ ವಿಷಯ. ಅಂತೋಣಿಯ ಹೆಂಡತಿ ಫಿಲೋಮಿನಾ, ಹಿರಿಯೂರು ತಾಲ್ಲೂಕಿನ ಐಮಂಗಲದವಳು. ನನ್ನನ್ನು ತೊಳೆದವಳು, ಒರೆಸಿದವಳು, ತಿನ್ನಿಸಿದವಳು ಅವಳೇ. ಆದರೆ ಅವಳಿಗೂ ನನಗೂ ನಡುವೆ ಒಂದು ಮಾತು ಬಹಳ ವರ್ಷಗಳಿಂದ ಅಡ್ಡ ಬಿದ್ದಿತ್ತು. ಅದು ತಿಳಿಯಬೇಕಾದರೆ ನಮ್ಮ ಚರ್ಚಿನ ಒಂದು ಪದ್ಧತಿಯನ್ನು ಹೇಳಬೇಕು.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ನಾವು ಆಗಮನ ಕಾಲ ಎನ್ನುತ್ತೇವೆ. ಗುರುಗಳು ನೇರಳೆ ಬಣ್ಣದ ಉಡುಪು ತೊಡುತ್ತಾರೆ, ಮಹಿಮೆಯ ಹಾಡು ನಿಂತುಹೋಗುತ್ತದೆ, ದೇವಕುಮಾರ ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯಲ್ಲಿ ಮೇವಿನ ತೊಟ್ಟಿಯನ್ನು ಕೊನೆಯ ರಾತ್ರಿಯವರೆಗೆ ಖಾಲಿ ಇಡಲಾಗುತ್ತದೆ. ಆ ಗೋದಲಿಗೆ ಹಾಸಲು ಹಸಿರು ಬೇಕು. ಅದಕ್ಕಾಗಿ ಆಗಮನ ಕಾಲದಲ್ಲಿ ಅಗಲವಾದ ತಟ್ಟೆಗೆ ಕೆಮ್ಮಣ್ಣು ಹರವಿ, ರಾಗಿ ಬಿತ್ತಿ, ಹಬ್ಬದ ಹೊತ್ತಿಗೆ ಬೆರಳುದ್ದದ ಪೈರು ಎದ್ದು ನಿಲ್ಲುವಂತೆ ನೋಡಿಕೊಳ್ಳುತ್ತೇವೆ. ಕುರುಬರ ಗೊಂಬೆಗಳೂ ಕುರಿಗಳೂ ನಿಲ್ಲುವುದು ಆ ಪೈರಿನ ಮೇಲೆಯೇ. ನಮ್ಮ ತಾಯಿ ತೀರಿಕೊಂಡಾಗಿನಿಂದ ಚರ್ಚಿನ ರಾಗಿ ಬಿತ್ತಿದವಳು ನಾನು. ತಟ್ಟೆಯನ್ನು ನನ್ನ ಕೊಠಡಿಯಲ್ಲಿ ಇಟ್ಟು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಹಬ್ಬದ ಹಿಂದಿನ ದಿನ ಹೊರಗೆ ತರುತ್ತಿದ್ದೆ. ನಡುವೆ ಏನು ಮಾಡುತ್ತೇನೆಂದು ಯಾರಿಗೂ ತೋರಿಸಿದವಳಲ್ಲ. ನನಗೆ ಗಂಡನಿಲ್ಲ, ಮಕ್ಕಳಿಲ್ಲ. ವರ್ಷಕ್ಕೊಮ್ಮೆ ಸಭೆಯೆಲ್ಲ ನೋಡುವಂತೆ ನನ್ನ ಕೈಯಿಂದ ಹುಟ್ಟುತ್ತಿದ್ದದ್ದು ಅದೊಂದೇ.

ಫಿಲೋಮಿನಾ ಮದುವೆಯಾಗಿ ಬಂದ ವರ್ಷ, ಆಗಮನದ ಮೊದಲ ಭಾನುವಾರ, ಪೂಜೆ ಮುಗಿದು ಎಲ್ಲರೂ ಚರ್ಚಿನ ಮೆಟ್ಟಿಲ ಮೇಲಿದ್ದಾಗ ಅವಳ ತಾಯಿ ಗಟ್ಟಿಯಾಗಿ, "ಹೆತ್ತ ಕೈಲಿ ಬಿತ್ತಿಸ್ರಪ್ಪ. ಮದ್ವೆ ಆಗದಿರೋ ಕೈಲಿ ಹಾಕ್ಸಿದ್ರೆ ಮೊಳಕೆ ಬರ್ತಾವೇನು?" ಎಂದರು. ನಾಲ್ಕು ಜನ ನಕ್ಕರು. ಫಿಲೋಮಿನಾ ಪಕ್ಕದಲ್ಲಿ ನಿಂತು ಸೆರಗಿನ ತುದಿ ತಿರುಚುತ್ತಿದ್ದಳು; ತಾಯಿಗೆ ಒಂದು ಮಾತೂ ಎದುರಾಡಲಿಲ್ಲ. ಆ ವರ್ಷದ ಪೈರು ಎಂದಿಗಿಂತ ದಟ್ಟವಾಗಿ ಬಂತು. ಆ ತಾಯಿಯನ್ನು ಮಣ್ಣು ಮಾಡಿ ಬಹಳ ಕಾಲವಾಯಿತು. ಮಾತು ಮಾತ್ರ ಮಣ್ಣಾಗಲಿಲ್ಲ.

ನಾನು ಮಲಗಿದ ವರ್ಷ, ಆಗಮನ ಕಾಲ ಸಮೀಪಿಸಿದಾಗ, ಅಂತೋಣಿ ಚರ್ಚಿನಿಂದ ಬಂದು ಬಾಗಿಲಲ್ಲಿ ತಲೆ ತುರಿಸುತ್ತಾ ನಿಂತ. ಅವನು ಹಾಗೆ ನಿಂತರೆ ಕೆಟ್ಟ ಸುದ್ದಿ.

"ಅಕ್ಕ, ಈ ವರ್ಷ ರಾಗಿ ಬ್ಯಾಡ ಅಂದ್ರು ಕಮಿಟಿಯೋರು. ನಿನಗೆ ತೊಂದ್ರೆ ಕೊಡಬಾರ್ದು ಅಂತ. ಪ್ಲಾಸ್ಟಿಕ್ ಹುಲ್ಲಿನ ಹಾಸು ತಂದವ್ರೆ. ತೊಳೆದಿಟ್ಟರೆ ಮುಂದಿನ ವರ್ಷಕ್ಕೂ ಬರ್ತೈತಂತೆ."

"ನನ್ನನ್ನು ಕೇಳಿದರೇನು?"

"ಕೇಳಿದ್ರೆ ನಿನಗೆ ಬ್ಯಾಸರ ಆಗ್ತೈತಂತೆ."

ಕೇಳಿದರೆ ಬೇಸರವಾಗುತ್ತದೆಂದು ಕೇಳದೆ ಬಿಡುವ ಈ ಸೌಜನ್ಯವನ್ನು ಕಾಯಿಲೆಯವರೆಲ್ಲರೂ ಬಲ್ಲರು. ಜೀವವಿರುವಾಗಲೇ ನಮ್ಮನ್ನು ಪಟದೊಳಗೆ ಕೂರಿಸುವ ಕ್ರಮವದು. ಆ ದಿನ ನಾನು ಗಂಜಿ ಮುಟ್ಟಲಿಲ್ಲ. ಕಾಲು ಹೋದದ್ದಕ್ಕೂ ಅಳದಿದ್ದವಳು ಒಂದು ತಟ್ಟೆ ರಾಗಿಗಾಗಿ ಅತ್ತೆ. ಅಂಗಾತ ಮಲಗಿ ಅತ್ತರೆ ಕಣ್ಣೀರು ಕಿವಿಯೊಳಗೆ ಹರಿಯುತ್ತದೆ. ಒರೆಸಲು ಬೇರೊಬ್ಬರನ್ನು ಕೂಗಬೇಕು. ಕೂಗಲಿಲ್ಲ.

ಅದೇ ವಾರ ಫಿಲೋಮಿನಾ ಒಂದು ಬಟ್ಟಲು ರಾಗಿ ತಂದು ನನ್ನ ಎದೆಯ ಮೇಲಿಟ್ಟಳು.

"ಅಕ್ಕ, ಇದ್ರಾಗೆ ಕಲ್ಲು ಅವೇನೋ ನೋಡ್ರಿ. ನನ್ನ ಕಣ್ಣಿಗೆ ಸರಿ ಕಾಣಲ್ಲ."

"ಗಿರಣಿಗೆ ಹಾಕುವ ರಾಗಿಯನ್ನು ಕೇರಿದರೆ ಸಾಲದೇನೇ, ಕೈಯಲ್ಲಿ ಆರಿಸುತ್ತಾರೇನು?"

"ಆರಿಸ್ರಿ ಅಂದ್ರೆ ಆರಿಸ್ರಿ. ಕೈಯಾದ್ರೂ ಆಡ್ತಾವಲ್ಲ."

ಬಿದ್ದವಳನ್ನೂ ಕೂಲಿಗೆ ಹಚ್ಚಿದಳು ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಡಿ ಹಿಡಿಯಾಗಿ, ಜೊಳ್ಳನ್ನೂ ಕಲ್ಲನ್ನೂ ಬೇರ್ಪಡಿಸಿದೆ. ಮಾಡುವ ಕೆಲಸವನ್ನು ಅರೆಬರೆ ಮಾಡುವುದು ನನಗೆ ತಿಳಿಯದು.

ಆಗಮನದ ಮೊದಲ ಶುಕ್ರವಾರ ಗುರುಗಳು ಪರಮಪ್ರಸಾದ ತಂದರು. ವಯಸ್ಸಿನಲ್ಲಿ ಚಿಕ್ಕವರು. ಹೊರಡುವ ಮುನ್ನ ಮುಗುಳ್ನಕ್ಕು, "ಟೀಚರ್, ಈ ವರ್ಷ ನಿಮಗೆ ನಿಜವಾದ ಆಗಮನ ಕಾಲ. ನಾವೆಲ್ಲ ಕಾಯೋದನ್ನ ನಟಿಸ್ತೀವಿ; ನೀವು ನಿಜವಾಗಿ ಕಾಯ್ತಿದ್ದೀರಿ," ಎಂದರು.

"ನಿಂತಿರುವವರಿಗೆ ಹಾಗೆ ಹೇಳುವುದು ಸುಲಭ, ಫಾದರ್. ನಾನು ಕಾಯುತ್ತಿಲ್ಲ. ಸಿಕ್ಕಿಬಿದ್ದಿದ್ದೇನೆ."

ಅವರ ಮುಖ ಕೆಂಪಾಯಿತು. ಹೋದರು. ಮಾತು ಉಳಿಯಿತು.

ಕಾಯುವವರಿಗೂ ಸಿಕ್ಕಿಬಿದ್ದವರಿಗೂ ಹೊರಗಿನಿಂದ ಭೇದ ಕಾಣುವುದಿಲ್ಲ. ಇಬ್ಬರೂ ಇದ್ದಲ್ಲೇ ಇರುತ್ತಾರೆ. ಆಗಮನ ಕಾಲವೆಂದರೆ ನಮ್ಮ ಸಿದ್ಧತೆಯ ಕಾಲ ಎಂದು ನಾನು ಜೀವಮಾನವಿಡೀ ತಿಳಿದಿದ್ದೆ: ಮನೆಗೆ ಸುಣ್ಣ ಬಳಿಯುವುದು, ಪಾಪನಿವೇದನೆ ಮಾಡುವುದು, ರಾಗಿ ಬಿತ್ತುವುದು. ಏನನ್ನೂ ಮಾಡಲಾಗದವಳಿಗೆ ಆಗಮನವೆಂದರೇನು? ಮೂರನೆಯ ಭಾನುವಾರದ ಪಾಠ ನೆನಪಾಯಿತು. ಅರಣ್ಯದಲ್ಲಿ ನಿಂತು, ಬರಲಿರುವ ರಕ್ಷಕನನ್ನು ಸಾರುತ್ತ, ಊರಿನವರ ತಪ್ಪುಗಳನ್ನೆಲ್ಲ ಎತ್ತಿ ಆಡಿದ ಸ್ನಾನಿಕ ಯೊವಾನ್ನ ಅಲ್ಲಿ ಸೆರೆಮನೆಯಲ್ಲಿದ್ದಾನೆ. ಬರಬೇಕಾದವನು ನೀನೆಯೋ, ಅಥವಾ ನಾವು ಬೇರೊಬ್ಬನಿಗಾಗಿ ಕಾಯಬೇಕೋ ಎಂದು ಆ ರಕ್ಷಕನನ್ನೇ ಕೇಳಿ ಕಳುಹಿಸುತ್ತಾನೆ. ಈ ಪ್ರಶ್ನೆಯನ್ನು ವಿನಯದ ಧ್ವನಿಯಲ್ಲಿ ಓದುವುದನ್ನೇ ಕೇಳಿದ್ದೆ. ಮಲಗಿದಲ್ಲಿ ನನಗೆ ಕೇಳಿಸಿದ ಧ್ವನಿ ಬೇರೆ. ಅದು ಸಿಟ್ಟಿನ ಪ್ರಶ್ನೆ: ಬರುತ್ತೇನೆಂದವನು ಬಂದಿದ್ದರೆ ನಾನೇಕೆ ಇನ್ನೂ ಒಳಗಿದ್ದೇನೆ? ಸಿಟ್ಟಿನವರಿಗೂ ಆಗಮನ ಕಾಲದಲ್ಲಿ ಒಂದು ಭಾನುವಾರ ಮೀಸಲಿದೆ ಎಂಬುದು ನನಗೆ ಸಮಾಧಾನ ಕೊಟ್ಟಿತು. ಅದಕ್ಕಿಂತ ಹೆಚ್ಚಿನದೇನನ್ನೂ ಕೊಡಲಿಲ್ಲ.

ಈ ನಡುವೆ ಇನ್ನೊಂದು ಕಿರಿಕಿರಿ. ಫಿಲೋಮಿನಾ ಪ್ರತಿ ಬೆಳಿಗ್ಗೆ ನನ್ನ ಮಂಚದ ಕೆಳಗೆ ಬಗ್ಗುತ್ತಿದ್ದಳು. ನನಗೆ ಅವಳ ಬೆನ್ನು ಕೂಡ ಕಾಣದು. ಬಳೆಗಳ ಸದ್ದು ಮಾತ್ರ, ಮತ್ತು ನೀರು ಚಿಮುಕಿಸಿದಂಥ ಸಣ್ಣ ಸಪ್ಪಳ. ಒಂದೆರಡು ದಿನಗಳಲ್ಲಿ ಒದ್ದೆ ಮಣ್ಣಿನ ವಾಸನೆ ಏಳತೊಡಗಿತು.

"ಏನದು ಕೆಳಗೆ?"

"ಏನಿಲ್ಲಕ್ಕ, ಒರೆಸ್ತಿದೀನಿ."

"ಒರೆಸಿದರೆ ಮಣ್ಣಿನ ವಾಸನೆ ಏಕೆ ಬರುತ್ತದೆ?"

"ಹಳೇ ಮನೆ. ನೆಲ ಬೆವರ್ತೈತೆ."

ಮಲಮೂತ್ರದ ಪಾತ್ರೆಯನ್ನು ತೊಳೆಯದೆ ಅಲ್ಲಿಯೇ ಇಡುತ್ತಾಳೆ ಎಂದು ಶಂಕಿಸಿದೆ. ನಮ್ಮದೇ ಮಂಚದ ಕೆಳಗೆ ಏನಿದೆ ಎಂದು ನೋಡಲಾಗದ ಸ್ಥಿತಿಯ ಅವಮಾನವನ್ನು ಅನುಭವಿಸಿದವರೇ ಬಲ್ಲರು. ಅಂತೋಣಿಯನ್ನು ಕರೆದು ನೋಡು ಎಂದೆ. ಅವನು ಬಗ್ಗಿದ, ಎದ್ದ, "ಏನೂ ಇಲ್ಲಕ್ಕ," ಎಂದ. ಚಿಕ್ಕಂದಿನಿಂದಲೂ ಅವನಿಗೆ ಸುಳ್ಳು ಹೇಳಲು ಬಾರದು, ಕಿವಿ ಕೆಂಪಗಾಗುತ್ತದೆ. ಕೆಂಪಗಾಗಿತ್ತು. ಇಬ್ಬರೂ ಸೇರಿ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬುದು ಸಿದ್ಧವಾಯಿತು. ಗಣಿತದಲ್ಲಿ ಅಷ್ಟಕ್ಕೆ ಸಾಧನೆ ಮುಗಿಯುತ್ತದೆ.

ಮೂರನೆಯ ಭಾನುವಾರ ಕಳೆದ ಮೇಲೆ ವೈದ್ಯರು ಮನೆಗೇ ಬಂದರು. ಇದನ್ನು ನಾನು ಅವರ ಪರವಾಗಿ ನೆನಪಿಟ್ಟಿದ್ದೇನೆ. ಹೊಸದಾಗಿ ತೆಗೆಸಿದ ಎಕ್ಸ್‌ರೇ ಚಿತ್ರದಲ್ಲಿ ಮೂಳೆ ಗಟ್ಟಿಯಾಗುತ್ತಿದೆ, ಬೆನ್ನಿಗೆ ಪಟ್ಟಿ ಕಟ್ಟಿ ಸ್ವಲ್ಪ ಹೊತ್ತು ಕೂರಿಸಬಹುದು ಎಂದರು. ಮತ್ತೆ ಕೀಲಿ ಹೊರಬಂತು.

"ಗೊತ್ತಾಗುತ್ತಾ?"

ಸುಳ್ಳು ಹೇಳಬೇಕೆನಿಸಿತು. "ಇಲ್ಲ," ಎಂದೆ.

ಅವರು ಕೀಲಿಯನ್ನು ಜೇಬಿಗೆ ಹಾಕಿಕೊಂಡ ರೀತಿ ನನಗೆ ಹಿಡಿಸಲಿಲ್ಲ. ತುಂಬ ಮೆಲ್ಲಗೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ಪಟ್ಟಿ ಕಟ್ಟಿ ನನ್ನನ್ನು ಎಬ್ಬಿಸಿದರು. ಅಂತೋಣಿ ಹೆಗಲ ಕೆಳಗೆ ಕೈ ಕೊಟ್ಟ, ಫಿಲೋಮಿನಾ ಮೊಣಕಾಲು ಹಿಡಿದಳು. "ಮೆತ್ತಗೆ, ಮೆತ್ತಗೇ. ಬೆನ್ನು ನೆಟ್ಟಗೆ ಇರ್ಲಿ," ಎಂದು ಒಬ್ಬರಿಗೊಬ್ಬರು ಗದರಿಕೊಂಡರು. ಕೊಠಡಿ ಗಿರ್ರನೆ ತಿರುಗಿ ನಿಂತಿತು. ಬಂಡೆ ಇದ್ದಲ್ಲಿಯೇ ಇತ್ತು. ನನ್ನ ಕಾಲುಗಳು ಬೇರೆ ಯಾರದೋ ವಸ್ತುಗಳಂತೆ ಮಂಚದ ಅಂಚಿನಿಂದ ಕೆಳಗೆ ಜಾರಿದವು.

ಅಷ್ಟರಲ್ಲಿ ಏನೋ ಆಯಿತು. ನನಗೆ ವಿಪರೀತ ಸಿಟ್ಟು ಬಂತು.

"ಯಾವಳೇ ಇಲ್ಲಿ ನೀರು ಚೆಲ್ಲಿದವಳು? ಇಷ್ಟು ತಣ್ಣಗೆ! ಚುಚ್ಚುತ್ತಿದೆಯಲ್ಲ, ಏನಿಟ್ಟಿದ್ದೀಯೇ ಕೆಳಗೆ?"

ಫಿಲೋಮಿನಾ ನೆಲದ ಮೇಲೆ ಕುಳಿತುಬಿಟ್ಟಳು. ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಬೈದ್ರು! ಕೇಳಿದ್ರೇನ್ರಿ? ತಣ್ಣಗೈತೆ ಅಂತ ಬೈದ್ರು! ಇನ್ನೊಂದ್ಸಾರಿ ಬೈರಿ ಅಕ್ಕ!"

ಆಗ ನನಗೆ ಅರ್ಥವಾಯಿತು. ಚಪ್ಪಲಿ ಕಳಚಿದ್ದನ್ನು ತಿಳಿಯದ ಕಾಲು, ಕೀಲಿಯ ಗೀರನ್ನು ತಿಳಿಯದ ಕಾಲು, ತಣ್ಣಗೆ ಎಂದು ದೂರು ಕೊಟ್ಟಿತ್ತು.

ಮಂಚದ ಕೆಳಗಿನಿಂದ ಅವಳು ಎಳೆದದ್ದು ನನ್ನದೇ ತಟ್ಟೆಯನ್ನು. ಕೆಮ್ಮಣ್ಣಿನ ತುಂಬ ರಾಗಿಯ ಪೈರು ಒತ್ತೊತ್ತಾಗಿ ಎದ್ದಿತ್ತು. ಒಂದು ಕಡೆ ನನ್ನ ಹಿಮ್ಮಡಿ ಊರಿದಷ್ಟು ಜಾಗ ಮಲಗಿತ್ತು. ಆದರೆ ಹಸಿರಿನ ಸುಳಿವಿಲ್ಲ. ಪೈರೆಲ್ಲ ಬೆಳ್ಳಗೆ, ಹಳದಿಯಾಗಿ, ನೀಳವಾಗಿ ಬಾಗಿತ್ತು.

"ಬಿಳಚಿಕೊಂಡಾವೆ ಅಕ್ಕ," ಎಂದಳು ಫಿಲೋಮಿನಾ, ತಪ್ಪು ಮಾಡಿದ ವಿದ್ಯಾರ್ಥಿನಿಯ ಧ್ವನಿಯಲ್ಲಿ. "ನೀವು ಪ್ರತಿ ವರ್ಷ ಬಾಗ್ಲು ಹಾಕಿ ಕತ್ತಲಾಗೆ ಇಡ್ತಿದ್ರಲ್ಲ. ಕತ್ತಲೇ ಗುಟ್ಟು ಅಂದ್ಕಂಡು ಮಂಚದ ಕೆಳಗೆ ತಳ್ಳಿದೆ."

"ಕತ್ತಲು ಮೊಳಕೆ ಒಡೆಯುವವರೆಗೆ ಮಾತ್ರ. ಆಮೇಲೆ ಕಿಟಕಿಗೆ ಇಡುತ್ತಿದ್ದೆ."

"ಬಾಗ್ಲು ಹಾಕಿದ್ರೆ ಕಿಟಕಿ ನಮಗೆ ಹೆಂಗೆ ಕಾಣ್ಬೇಕ್ರಿ?"

ನನಗೇಕೆ ತಿಳಿಸಲಿಲ್ಲ ಎಂದು ಕೇಳಿದೆ.

"ಮೊಳಕೆ ಬರದೇ ಹೋದ್ರೆ? ನಮ್ಮವ್ವ ಅವತ್ತು ಮೆಟ್ಲು ಮ್ಯಾಲೆ ಅಂದಿದ್ದು ನಿಜ ಆತು ಅಂದ್ಕಂತಿದ್ರಿ ನೀವು."

"ನಿನಗೆ ಅದು ನೆನಪಿದೆಯೇ?"

"ಮರೆಯಾಕೆ ಆಗ್ತೈತಾ? ನೀವೊಬ್ರೇ ಇಟ್ಕಂಡೀರಿ ಅಂದ್ಕಂಡ್ರಾ?" ಅವಳು ಪೈರಿನ ಮೇಲೆ ಕೈಯಾಡಿಸಿದಳು. "ಅದಕ್ಕೇ ಬಿತ್ತಾಕೆ ಮುಂಚೆ ನಿಮ್ಮ ಕೈಲಿ ಆರಿಸಿದ್ದು. ನನ್ನ ಕೈ ಬರೀ ಮಣ್ಣಿಗೆ ಉದುರಿಸ್ತು ಅಷ್ಟೆ. ಬೀಜ ನಿಮ್ಮ ಕೈದೇ."

ಇಷ್ಟು ವರ್ಷ ಆ ಮಾತನ್ನು ನಾನೊಬ್ಬಳೇ ಹೊತ್ತಿದ್ದೇನೆಂದು ತಿಳಿದಿದ್ದೆ. ಅದರ ಇನ್ನೊಂದು ತುದಿಯನ್ನು ಅವಳು ಹಿಡಿದು ನಡೆಯುತ್ತಿದ್ದಳು.

ತಟ್ಟೆಯನ್ನು ಕಿಟಕಿಗೆ ಇರಿಸಿದರು. ಆ ಶುಕ್ರವಾರ ಬಂದ ಗುರುಗಳು ಅದನ್ನು ನೋಡಿ, ನನ್ನ ಕಾಲಿನ ವಿಷಯ ಕೇಳಿ ತಿಳಿದರು. ಆಮೇಲೆ, ಕಮಿಟಿಯವರಿಗೆ ತಾವು ಹೇಳುವುದಾಗಿಯೂ ತಟ್ಟೆಯನ್ನು ಈಗಲೇ ಒಯ್ಯುವುದಾಗಿಯೂ ಹೇಳಿದರು.

"ಈಗ ಬೇಡ. ಬಿಸಿಲು ತಾಗಲಿ. ಹಬ್ಬದ ಹಿಂದಿನ ದಿನ ಬನ್ನಿ," ಎಂದೆ. "ನೀವೂ ಸ್ವಲ್ಪ ಕಾಯಿರಿ, ಫಾದರ್."

ಅವರು ನಕ್ಕರು. ಈ ನಗೆ ನನಗೆ ಹಿಡಿಸಿತು. ಮೊದಲ ಶುಕ್ರವಾರ ಅವರು ಆಡಿದ ಮಾತು ಸರಿಯೇ ಆಗಿತ್ತೆಂದು ಈಗ ಬರೆಯಬಲ್ಲೆ. ಆಡಿದ ಸಮಯ ತಪ್ಪು. ಕಾಯುವುದೆಂದರೆ ಬರುವವರ ಕಡೆಗೆ ಕಣ್ಣು ನೆಟ್ಟು ಕೂರುವುದು ಎಂದುಕೊಂಡಿದ್ದೆ. ನನ್ನ ಕಣ್ಣು ಜಂತೆಯ ಮೇಲಿತ್ತು, ಮನಸ್ಸು ಹಳೆಯ ಮಾತುಗಳ ಮೇಲಿತ್ತು. ಬರಬೇಕಾದದ್ದು ನನ್ನ ಬೆನ್ನ ಕೆಳಗಿನ ಕತ್ತಲಲ್ಲಿ, ನನ್ನ ಸಂಶಯದ ನಡುವೆಯೇ, ದಿನವೂ ನೀರು ಕುಡಿದು ಬರುತ್ತಿತ್ತು. ನಾನು ಹೋಗಲಾರದವಳಾದ ವರ್ಷವೇ ಅದು ನಾನಿದ್ದಲ್ಲಿಗೆ ಬಂತು. ಆಗಮನ ಎಂಬ ಪದದಲ್ಲಿ ಇರುವುದು ಬರುವವನ ನಡಿಗೆ. ನಮ್ಮ ನಡಿಗೆಯ ಮಾತು ಅದರಲ್ಲಿಲ್ಲ. ಅದು ಹೊಳೆಯಲು ನನ್ನ ಕಾಲು ಹೋಗಬೇಕಾಯಿತು ಎಂಬುದರ ಬಗ್ಗೆ ದೇವರಲ್ಲಿ ನನಗೆ ಇನ್ನೂ ಸ್ವಲ್ಪ ತಕರಾರು ಇದೆ. ಮೇಲೆ ಭೇಟಿಯಾದಾಗ ಎತ್ತುತ್ತೇನೆ.

ಹಬ್ಬದ ಹಿಂದಿನ ಸಂಜೆಯ ಹೊತ್ತಿಗೆ ಪೈರು ಹಸಿರಾಗಿತ್ತು. ಅಂತೋಣಿ ಅದನ್ನು ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಚರ್ಚಿಗೆ ಒಯ್ದ. ನಾನು ಹೋಗಲಿಲ್ಲ, ಕೂರುವ ಅನುಮತಿ ಇದ್ದದ್ದು ಒಂದಿಷ್ಟು ಹೊತ್ತಿಗೆ ಮಾತ್ರ. ಹಿಮ್ಮಡಿ ಊರಿದ ಜಾಗದಲ್ಲಿ ಮೇವಿನ ತೊಟ್ಟಿಯನ್ನು ಇಟ್ಟರಂತೆ, ಸರಿಯಾಗಿ ಕೂತಿತಂತೆ. ಪ್ಲಾಸ್ಟಿಕ್ ಹಾಸನ್ನು ಬಾಗಿಲಲ್ಲಿ ಚಪ್ಪಲಿ ಬಿಡುವ ಕಡೆ ಹಾಕಿದ್ದಾರೆಂದು ಅಂತೋಣಿ ಬಂದು ಹೇಳಿದ. ಅದರ ಯೋಗ್ಯತೆಗೆ ತಕ್ಕ ಸ್ಥಳ.

ಈಗ ನಾನು ಕೋಲು ಹಿಡಿದು ನಡೆಯುತ್ತೇನೆ. ಬಲಗಾಲಿನ ಎರಡು ಬೆರಳುಗಳು ಇನ್ನೂ ಮರಳಿಲ್ಲ. ಚಪ್ಪಲಿಗೆ ಹಿಂದಿನಿಂದ ಪಟ್ಟಿ ಹೊಲಿಸಿದ್ದೇನೆ. ಈ ವರ್ಷ ಆಗಮನ ಕಾಲ ಬಂದಾಗ ರಾಗಿಯ ಬಟ್ಟಲನ್ನು ಫಿಲೋಮಿನಾಳ ಮುಂದೆ ಇಟ್ಟು, "ಕಲ್ಲು ಆರಿಸು," ಎಂದೆ. ಕಣ್ಣು ಸರಿ ಕಾಣಲ್ಲ ಎಂದಳು. "ಆರಿಸು ಎಂದರೆ ಆರಿಸು. ಕೈಯಾದರೂ ಆಡುತ್ತವಲ್ಲ," ಎಂದೆ. ಅವಳ ತಾಯಿಯ ಮಾತನ್ನು ನಾನು ಮರೆತಿಲ್ಲ; ಮರೆಯುವುದು ನನ್ನ ಸ್ವಭಾವದಲ್ಲಿಲ್ಲ. ಆದರೆ ತಟ್ಟೆ ನನ್ನ ಕೊಠಡಿಯ ಕಿಟಕಿಯಲ್ಲಿದೆ, ಬಾಗಿಲು ತೆರೆದಿದೆ, ನೀರು ಹಾಕಲು ಅವಳು ಕೇಳದೆಯೇ ಒಳಗೆ ಬರುತ್ತಾಳೆ.

ನೀವು ಈಗ ಎಲ್ಲಿಯೋ ಅಂಗಾತ ಮಲಗಿ ಜಂತೆ ನೋಡುತ್ತಿದ್ದರೆ, ನಿಮಗೆ ಧೈರ್ಯ ಹೇಳಲು ನಾನು ಬರುವುದಿಲ್ಲ. ಧೈರ್ಯ ಹೇಳಿದವರೆಲ್ಲರ ಹೆಸರೂ ನನ್ನ ನೆನಪಿನಲ್ಲಿದೆ. ಒಂದು ಮಾತು ಮಾತ್ರ. ನಿಮ್ಮ ಮಂಚದ ಕೆಳಗೆ ಯಾರಾದರೂ ದಿನವೂ ಬಗ್ಗುತ್ತಿದ್ದರೆ, ಬೈಯುವುದಕ್ಕೆ ಆತುರಪಡಬೇಡಿ. ಕಾಲಿಗೆ ತಣ್ಣಗೆ ತಾಗಿದ ಮೇಲೆ ಬೈಯಿರಿ.